ಎಣ್ಣೇಮರದ ಕಸಿ, ೧೮೩೬ರ ಲೆಕ್ಕ ಮತ್ತು ನಮ್ಮ ಮಂಗಳೂರು

ಮಂಗಳೂರು ಹೆಂಚು, ಕಿಟೆಲ್ ನಿಘಂಟು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಈ ಮೂರರ ಹಿಂದೆಯೂ ಬಾಸೆಲ್ ಮಿಶನ್ ಇದೆ ಅನ್ನೋದು ಬ್ಲಾಗ್ ಮಿತ್ರರಿಗೆಲ್ಲ ಗೊತ್ತಿರುವ ವಿಷಯವೇ. ಆದರೆ ಸ್ವಿಟ್ಜರ್ಲೆಂಡಿನ ಒಂದು ಊರಿನ ಸಂಸ್ಥೆ, ಅದರಲ್ಲೂ ಹೆಚ್ಚಾಗಿ ದಕ್ಷಿಣ ಜರ್ಮನಿಯ ಹುಡುಗರನ್ನು ತರಬೇತಿ ಕೊಟ್ಟು, ಹಡಗು ಹತ್ತಿಸಿ ನಮ್ಮ ಕರಾವಳಿಗೆ ಕಳಿಸಿದ್ದು ಯಾಕೆ? “ಮತಪ್ರಚಾರಕ್ಕೆ” ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತೇವೆ. ಉತ್ತರವೇನೋ ಸರಿಯೇ. ಆದರೆ ಆ ಹುಡುಗರು ಬೆಳೆದ ಊರುಗಳಲ್ಲಿ ಒಂದು ಲೆಕ್ಕ ಓಡಾಡುತ್ತಿತ್ತು. ಆ ಲೆಕ್ಕದಲ್ಲಿ ಕನ್ನಡಿಗರಂಥ ‘ಅನ್ಯಜನರು’ ಒಂದು ಕಡೆ, ಯಹೂದಿಗಳು ಇನ್ನೊಂದು ಕಡೆ. ಮೊದಲು ಅನ್ಯಜನರ ಎಣಿಕೆ ತುಂಬಬೇಕು, ಆಮೇಲೆ ಯಹೂದಿಗಳ ಸರದಿ, ಆಮೇಲೆ ಲೋಕಕ್ಕೆ ಒಳ್ಳೇ ಕಾಲ!

ನಾನು ಕ್ರೈಸ್ತನೂ ಅಲ್ಲ, ಯಹೂದಿಯೂ ಅಲ್ಲ. ವಿಜಯನಗರದಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ, ಓದಿದ್ದು ಇಂಜಿನಿಯರಿಂಗ್. ಮಂಗಳೂರಿನ ಇತಿಹಾಸ ಓದುತ್ತಾ ಓದುತ್ತಾ ಈ ಲೆಕ್ಕದ ಬಾಲ ಸಿಕ್ಕಿತು. ಹಿಡಿದು ಎಳೆದರೆ ರೋಮಾಪುರದವರೆಗೂ ಹೋಯಿತು. ಅದನ್ನು ನಿಮ್ಮ ಮುಂದಿಡುವ ಪ್ರಯತ್ನ ಇದು. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಕೂತರೆ ಒಳ್ಳೆಯದು :-)

ಎಲ್ಲ ಶುರುವಾಗಿದ್ದು ಒಂದು ಪತ್ರದಿಂದ

ಸುಮಾರು ಕ್ರಿ.ಶ. ೫೭ರಲ್ಲಿ ಪೌಲ ಅನ್ನುವ ಯಹೂದಿ ರೋಮ್ ನಗರದ ಕ್ರೈಸ್ತರಿಗೆ ಒಂದು ಪತ್ರ ಬರೆದ. ಅವನಿಗೆ ಒಂದು ಸಂಕಟ ಇತ್ತು. ಏಸು ಯಹೂದಿ, ಶಿಷ್ಯರು ಯಹೂದಿಗಳು, ದೇವರು ವಾಗ್ದಾನ ಕೊಟ್ಟಿದ್ದೂ ಯಹೂದಿಗಳಿಗೆ. ಆದರೆ ಬಹುಪಾಲು ಯಹೂದಿಗಳು ಏಸುವನ್ನು ಒಪ್ಪಲಿಲ್ಲ, ಹೊರಗಿನವರು ಒಪ್ಪುತ್ತಿದ್ದಾರೆ. ಹಾಗಾದರೆ ದೇವರು ತನ್ನ ಹಳೆಯ ಜನರನ್ನು ಕೈಬಿಟ್ಟನೇ? ಅವರಿಗೆ ಕೊಟ್ಟ ಮಾತು ಮುರಿದವನು ನಾಳೆ ಹೊಸಬರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾನೆ ಅಂತ ಏನು ಗ್ಯಾರಂಟಿ?

ಇದಕ್ಕೆ ಪೌಲ ಕೊಡುವ ಉಪಮೆ ಆಲಿವ್ ಮರದ್ದು. ಕನ್ನಡ ಬೈಬಲ್‌ನಲ್ಲಿ ಆಲಿವ್‌ಗೆ ಇರುವ ಹೆಸರು ಎಣ್ಣೇಮರ. ಊರಿನ ಒಳ್ಳೆಯ ಎಣ್ಣೇಮರದ ಕೆಲವು ಕೊಂಬೆಗಳು ಮುರಿದುಬಿದ್ದವು, ಆ ಜಾಗಕ್ಕೆ ಕಾಡು ಎಣ್ಣೇಮರದ ಕೊಂಬೆ ತಂದು ಕಸಿ ಕಟ್ಟಿದರು. ಮುರಿದ ಕೊಂಬೆ ಯಹೂದಿಗಳು, ಕಾಡುಕೊಂಬೆ ಉಳಿದ ನಾವೆಲ್ಲ. ನಮ್ಮ ಕಡೆ ಮಾವಿನ ಕಸಿ ಕಂಡವರಿಗೆ ಇಲ್ಲೊಂದು ತಮಾಷೆ ಕಾಣುತ್ತದೆ. ನಾವು ನಾಟಿ ಗಿಡದ ಬುಡಕ್ಕೆ ಬಾದಾಮಿಯ ಕೊಂಬೆ ಕಟ್ಟುತ್ತೇವೆ. ಪೌಲನದು ಪೂರ್ತಿ ಉಲ್ಟಾ, ಜಾತಿ ಮರಕ್ಕೆ ಕಾಡುಕೊಂಬೆ! ಇದು ಸ್ವಭಾವಕ್ಕೆ ವಿರುದ್ಧವಾದ ಕೆಲಸ ಅಂತ ಅವನೇ ಹೇಳುತ್ತಾನೆ. ಕಾಡುಕೊಂಬೆಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಜಂಬ ಬೇಡ, ಬೇರನ್ನು ಹೊತ್ತಿರೋದು ನೀನಲ್ಲ, ಬೇರೇ ನಿನ್ನನ್ನು ಹೊತ್ತಿದೆ ಅಂತ.

ಆಮೇಲೆ ಬರುತ್ತದೆ ಮುಖ್ಯ ಮಾತು. ಇಸ್ರಾಯೇಲಿನ ಒಂದು ಭಾಗದ ಮನಸ್ಸು ಸದ್ಯಕ್ಕೆ ಗಟ್ಟಿಯಾಗಿದೆ, ಅನ್ಯಜನರ ಪೂರ್ತಿ ಸಂಖ್ಯೆ ಒಳಗೆ ಬರುವ ತನಕ ಹಾಗೇ ಇರುತ್ತದೆ, ಹೀಗೆ ಇಸ್ರಾಯೇಲೆಲ್ಲ ರಕ್ಷಣೆ ಪಡೆಯುತ್ತದೆ ಅನ್ನುವುದು ಅದರ ಸಾರ. ದೇವರು ಒಮ್ಮೆ ಕೊಟ್ಟ ವರವನ್ನು, ಕರೆದ ಕರೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತಲೂ ಸೇರಿಸುತ್ತಾನೆ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಇದು ಸರಿಯಾಗಿ ಬರೆಯದ ರಿಕ್ವೈರ್‌ಮೆಂಟ್. ‘ಇಸ್ರಾಯೇಲ್’ ಅಂದರೆ ಯಾರು? ‘ಪೂರ್ತಿ ಸಂಖ್ಯೆ’ ಅಂದರೆ ಎಷ್ಟು? ಯಾವಾಗ? ಹೇಗೆ, ಅವರು ಕ್ರೈಸ್ತರಾಗಿಯೋ ಅಥವಾ ಯಹೂದಿಗಳಾಗಿ ಇದ್ದುಕೊಂಡೋ? ಪೌಲ ಬಿಡಿಸಿ ಹೇಳಲಿಲ್ಲ. ಸುಮಾರು ಎರಡು ಸಾವಿರ ವರ್ಷಗಳಿಂದ ಒಬ್ಬೊಬ್ಬರು ಒಂದೊಂದು ಥರ ಇಂಪ್ಲಿಮೆಂಟ್ ಮಾಡುತ್ತಾ ಬಂದಿದ್ದಾರೆ.

ಓದಿದವರು ಓದಿದ ರೀತಿ

ಐದನೇ ಶತಮಾನದ ಆರಂಭದಲ್ಲಿ ಸಂತ ಆಗಸ್ಟೀನ್ ‘ದೇವರ ನಗರ’ ಅನ್ನುವ ದೊಡ್ಡ ಗ್ರಂಥ ಬರೆದ. ಅವನ ಪ್ರಕಾರ ಕಡೆಗಾಲದಲ್ಲಿ ಎಲೀಯ ಪ್ರವಾದಿ ಬಂದು ವಿವರಿಸಿದ ಮೇಲೆ ಯಹೂದಿಗಳು ಏಸುವನ್ನು ನಂಬುತ್ತಾರೆ. ಅಲ್ಲಿಯವರೆಗೆ ಅವರನ್ನು ಕೊಲ್ಲಬಾರದು, ಅವರು ತಮ್ಮ ಪುಸ್ತಕಗಳ ಸಮೇತ ಊರೂರಿನಲ್ಲಿ ಚದುರಿಕೊಂಡು ನಮ್ಮ ಧರ್ಮಕ್ಕೆ ಸಾಕ್ಷಿಯಾಗಿರಲಿ ಅಂದ. ಈ ಓದು ಯುರೋಪಿನಲ್ಲಿ ಎಷ್ಟೋ ಯಹೂದಿಗಳ ಜೀವ ಉಳಿಸಿತು ಅನ್ನುತ್ತಾರೆ. ಆದರೆ ಅವರನ್ನು ಎರಡನೇ ದರ್ಜೆಯವರಾಗಿ ಬದುಕಿಸಿದ್ದೂ ಇದೇ ಓದು.

ಹದಿನಾರನೇ ಶತಮಾನದ ಕ್ಯಾಲ್ವಿನ್ ‘ಇಸ್ರಾಯೇಲ್’ ಪದವನ್ನೇ ಹಿಗ್ಗಿಸಿದ. ಅದು ಯಹೂದಿ ಮತ್ತು ಅನ್ಯಜನರಿಬ್ಬರಿಂದಲೂ ಕೂಡಿದ ದೇವಜನ ಅಂದ. ಲೂಥರ್ ಕಥೆ ಇನ್ನೂ ಬೇಜಾರಿನದು. ೧೫೨೩ರಲ್ಲಿ, ಏಸು ಹುಟ್ಟಿನಿಂದ ಯಹೂದಿ, ಯಹೂದಿಗಳ ಜೊತೆ ಪ್ರೀತಿಯಿಂದ ನಡೆದುಕೊಂಡರೆ ಅವರು ಒಪ್ಪಿಯಾರು ಅಂತ ಬರೆದವನು, ಅವರು ಒಪ್ಪದೇ ಇದ್ದಾಗ ೧೫೪೩ರಲ್ಲಿ ಅವರ ಪ್ರಾರ್ಥನಾಮಂದಿರಗಳನ್ನು ಸುಡಿ ಅಂತ ಬರೆದ. ಇಪ್ಪತ್ತೇ ವರ್ಷ. ನಾನು ಕೊಟ್ಟ ಪ್ರೀತಿಗೆ ನೀನು ಮತಾಂತರದ ಬೆಲೆ ಕೊಡಲಿಲ್ಲ ಅನ್ನುವ ಸಿಟ್ಟು ಅದು. ಈ ಇಡೀ ಇತಿಹಾಸದಲ್ಲಿ ಆ ಸಿಟ್ಟು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಲೂಥರನ್ ಸಭೆಯೊಳಗೇ ೧೬೭೫ರಲ್ಲಿ ಸ್ಪೇನರ್ ಅನ್ನುವ ಪಾದ್ರಿ ಒಂದು ಪುಟ್ಟ ಪುಸ್ತಕ ತಂದ. ಕೆಟ್ಟುಹೋದ ಸಭೆಗೆ ಮುಂದೆ ಒಳ್ಳೆಯ ಕಾಲ ಇದೆ, ಯಾಕೆಂದರೆ ಯಹೂದಿಗಳು ತಿರುಗಿ ಬರುವ ವಾಗ್ದಾನ ಇನ್ನೂ ಬಾಕಿ ಇದೆ ಅನ್ನೋದು ಅವನ ವಾದ. ಇಲ್ಲಿಂದ ಹುಟ್ಟಿದ್ದು ಪಿಯೆಟಿಸಂ ಅನ್ನುವ ಭಕ್ತಿ ಚಳವಳಿ. ಇದರ ಕೇಂದ್ರವಾದ ಹಾಲೆ ಪಟ್ಟಣದ ಜೊತೆ ನಂಟಿದ್ದ ಸೀಗನ್‌ಬಾಲ್ಗ್ ೧೭೦೬ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ. ಅದೇ ಹಾಲೆಯಲ್ಲಿ ೧೭೨೮ರಲ್ಲಿ ಯಹೂದಿಗಳ ನಡುವೆ ಪ್ರಚಾರ ಮಾಡಲು ಬೇರೆ ಸಂಸ್ಥೆಯೇ ಶುರುವಾಯಿತು. ಅನ್ಯಜನರಿಗೆ ಒಂದು, ಯಹೂದಿಗಳಿಗೆ ಒಂದು. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಬಾಸೆಲ್‌ನಲ್ಲೂ ಸಿಗುತ್ತದೆ.

ಬೆಂಗೆಲ್ ಹಾಕಿದ ಡೆಡ್‌ಲೈನ್

ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (೧೬೮೭-೧೭೫೨) ಅನ್ನುವ ಮಹಾ ವಿದ್ವಾಂಸ ಇದ್ದ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳನ್ನು ಹೋಲಿಸಿ ಪಾಠ ಶುದ್ಧ ಮಾಡಿದ ಮೊದಲಿಗರಲ್ಲಿ ಒಬ್ಬ, ಇವತ್ತಿಗೂ ವಿದ್ವಾಂಸರು ಗೌರವದಿಂದ ನೆನೆಯುವ ಹೆಸರು. ಇಂಥ ಮನುಷ್ಯ ಪ್ರಕಟನೆ ಪುಸ್ತಕದ ಸಂಖ್ಯೆಗಳನ್ನೆಲ್ಲ ಕೂಡಿ, ಕಳೆದು, ಗುಣಿಸಿ ಒಂದು ತಾರೀಕು ತೆಗೆದ. ೧೮೩೬ರ ಜೂನ್ ೧೮! ಅವತ್ತು ದುಷ್ಟಶಕ್ತಿ ಬಿದ್ದುಹೋಗಿ ಹೊಸ ಯುಗ ಶುರು.

ತಾರೀಕು ಹತ್ತಿರ ಬಂದ ಹಾಗೆ ವುರ್ಟೆಂಬರ್ಗಿನ ಹಳ್ಳಿಗಳಲ್ಲಿ ಕಾವು ಏರಿತು. ನೆಪೋಲಿಯನ್ ಯುದ್ಧಗಳು ಊರನ್ನು ಹಿಂಡಿದ್ದವು. ೧೮೧೫ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರದೆ ಬೆಳೆ ಹೋಯಿತು. ಹಸಿವು, ಜೊತೆಗೆ ಭವಿಷ್ಯವಾಣಿ. ೧೮೧೭ರ ಹೊತ್ತಿಗೆ ಸಾವಿರಾರು ಜನ ಮನೆಮಠ ಮಾರಿ ರಷ್ಯಾದ ದಕ್ಷಿಣಕ್ಕೆ, ಕಾಕಸಸ್ ಕಡೆಗೆ ಹೊರಟರು. ಜನ ಖಾಲಿಯಾಗುವುದನ್ನು ತಡೆಯಲು ಅಲ್ಲಿನ ರಾಜ ೧೮೧೯ರಲ್ಲಿ ಪಿಯೆಟಿಸ್ಟರಿಗೆ ಕೊರ್ನ್‌ಟಾಲ್ ಅನ್ನುವ ತಮ್ಮದೇ ಊರು ಕಟ್ಟಿಕೊಳ್ಳಲು ಅನುಮತಿ ಕೊಟ್ಟ. ಅದನ್ನು ಕಟ್ಟಿದವನು ಗಾಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್.

ಬಾಸೆಲ್ ಮಿಶನ್ ಹುಟ್ಟಿದ್ದು ಇದೇ ಕಾಲದಲ್ಲಿ, ೧೮೧೫ರಲ್ಲಿ. ಊರು ಸ್ವಿಟ್ಜರ್ಲೆಂಡಿನದಾದರೂ ಜನ ಬರುತ್ತಿದ್ದುದು ಹೆಚ್ಚಾಗಿ ವುರ್ಟೆಂಬರ್ಗಿನಿಂದ. ೧೮೩೦ರಲ್ಲಿ ಅದೇ ಬಾಸೆಲ್‌ನಲ್ಲಿ ‘ಇಸ್ರಾಯೇಲಿನ ಮಿತ್ರರ ಸಂಘ’ವೂ ಶುರುವಾಯಿತು. ನೋಡಿ, ಮತ್ತೆ ಅದೇ ಜೋಡಿ.

೧೮೩೩ರ ಕಾನೂನಿನಿಂದ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ಸಲೀಸಾಯಿತು. ೧೮೩೪ರ ಅಕ್ಟೋಬರಿನಲ್ಲಿ ಹೆಬಿಕ್, ಲೆನರ್, ಗ್ರೈನರ್ ಮೂವರೂ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ವುರ್ಟೆಂಬರ್ಗಿನ ಬ್ರಾಕನ್‌ಹೈಮ್‌ನವನಾದ ಹರ್ಮನ್ ಮೋಗ್ಲಿಂಗ್ ಬಂದದ್ದು ೧೮೩೬ರಲ್ಲಿ. ಹೌದು, ಅದೇ ೧೮೩೬! ಜೂನ್ ೧೮ ಬಂತು, ಹೋಯಿತು, ಆಕಾಶ ಬೀಳಲಿಲ್ಲ. ಅದೇ ವರ್ಷ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡ ಕಲಿಯಲು ಕೂತ. ಮೋಗ್ಲಿಂಗ್ ಬೆಂಗೆಲ್ ಲೆಕ್ಕ ನಂಬಿ ಹೊರಟವನು ಅಂತ ನಾನು ಹೇಳುತ್ತಿಲ್ಲ. ಅವನು ಉಸಿರಾಡಿದ ಗಾಳಿ ಅದು ಅಂತಷ್ಟೇ.

ಒಂದೇ ಮನೆಯ ಇಬ್ಬರು

ಈ ಗಾಳಿ ಎಷ್ಟು ಬೇರೆ ಬೇರೆ ದಿಕ್ಕಿಗೆ ಬೀಸಿತು ಅಂತ ತಿಳಿಯಲು ಕೊರ್ನ್‌ಟಾಲ್ ಕಟ್ಟಿದ ಹಾಫ್‌ಮನ್‌ನ ಇಬ್ಬರು ಮಕ್ಕಳನ್ನು ನೋಡಿದರೆ ಸಾಕು.

ಅಣ್ಣ ವಿಲ್ಹೆಲ್ಮ್ ೧೮೩೯ರಿಂದ ೧೮೫೦ರವರೆಗೆ ಬಾಸೆಲ್ ಮಿಶನ್ನಿನ ಮುಖ್ಯಸ್ಥ. ೧೮೪೩ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದಾಗ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸುವ ಕೆಲಸ ಶುರುಮಾಡಿದಾಗ ಬಾಸೆಲ್‌ನಲ್ಲಿ ಕುರ್ಚಿಯಲ್ಲಿದ್ದವನು ಇವನೇ.

ತಮ್ಮ ಕ್ರಿಸ್ಟೋಫ್ ಪೌಲನ ಮಾತನ್ನು ಬೇರೆ ಥರ ಓದಿದ. ದೇವಜನರು ಯೆರೂಸಲೇಮಿನಲ್ಲಿ ಸೇರಬೇಕು, ಸರಿ. ಆದರೆ ಆ ದೇವಜನರು ಯಾರು? ನಾವೇ, ನಿಜವಾದ ಕ್ರೈಸ್ತರು! ೧೮೬೧ರಲ್ಲಿ ‘ಟೆಂಪಲ್ ಸೊಸೈಟಿ’ ಕಟ್ಟಿ, ೧೮೬೮ರಲ್ಲಿ ಪ್ಯಾಲೆಸ್ಟೈನಿನ ಹೈಫಾಕ್ಕೆ ಹೋಗಿ ನೆಲೆಸಿದ. ಆಮೇಲೆ ಜಾಫಾ, ಸರೋನ, ಯೆರೂಸಲೇಮ್ ಅಂತ ಇವರ ವಸಾಹತುಗಳು ಬೆಳೆದವು. ಒಳ್ಳೆಯ ರೈತರು, ಒಳ್ಳೆಯ ಕುಶಲಕರ್ಮಿಗಳು. ಆದರೆ ೧೯೩೦ರ ದಶಕದಲ್ಲಿ ಇವರ ಮೊಮ್ಮಕ್ಕಳಲ್ಲಿ ಹಲವರು ನಾತ್ಸಿ ಪಕ್ಷಕ್ಕೆ ಸೇರಿದರು. ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟು, ೧೯೪೧ರಲ್ಲಿ ನೂರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ‘ಇಸ್ರಾಯೇಲ್ ಅಂದರೆ ನಾವೇ’ ಅಂದ ತಕ್ಷಣ ಎಲ್ಲರೂ ಹಿಟ್ಲರನ ಹಿಂದೆ ಹೋಗುತ್ತಾರೆ ಅಂತಲ್ಲ. ಆದರೆ ಯಹೂದಿಗಳ ಜಾಗದಲ್ಲಿ ತಾವೇ ಕೂತವರಿಗೆ, ಎದುರಿಗಿರುವ ನಿಜವಾದ ಯಹೂದಿಗಾಗಿ ಮನಸ್ಸಿನಲ್ಲಿ ಎಷ್ಟು ಜಾಗ ಉಳಿದಿರುತ್ತದೆ ಅನ್ನುವ ಪ್ರಶ್ನೆ ಕಾಡುತ್ತದೆ.

ಹಾಗಾದರೆ ಅಣ್ಣನ ಮಂಗಳೂರಿನಲ್ಲಿ ನಾವು ಯಾರು? ಲೆಕ್ಕದ ಪ್ರಕಾರ ನಾವು ತುಂಬಬೇಕಾದ ‘ಪೂರ್ತಿ ಸಂಖ್ಯೆ’. ಓದಿದಾಗ ಸ್ವಲ್ಪ ಚುಚ್ಚಿತು ನಿಜ. ಮಂಗಳೂರಿನ ಬಿಲ್ಲವ, ಧಾರವಾಡದ ಲಿಂಗಾಯತ, ಕೊಡಗಿನ ಹೊಲೆಯ ಇವರೆಲ್ಲ ಯಾರದೋ ಕ್ಯಾಲೆಂಡರಿನ ಒಂದು ಅಂಕಿ. ಆದರೆ ಊರಿಗೆ ಬಂದು, ಜ್ವರದಲ್ಲಿ ಬಿದ್ದು ಎದ್ದು, ಭಾಷೆ ಕಲಿತ ಮೇಲೆ ಅಂಕಿ ಅಂಕಿಯಾಗಿ ಉಳಿಯಲಿಲ್ಲ. ಸಂಖ್ಯೆ ತುಂಬಿಸಲು ಬಂದವರು ಪದ ತುಂಬಿಸಿಕೊಂಡರು. ಕಿಟೆಲ್ ೧೮೫೩ರಲ್ಲಿ ಬಂದು ೧೮೯೪ರಲ್ಲಿ ನಿಘಂಟು ಮುಗಿಸಿದ. ಆ ನಿಘಂಟು ಯಾವ ಭವಿಷ್ಯವಾಣಿಯಲ್ಲೂ ಇರಲಿಲ್ಲ.

ನಮ್ಮ ನೆಲದ ಯಹೂದಿಗಳು

ಇಷ್ಟೆಲ್ಲ ಮಾತಿನಲ್ಲಿ ಯಹೂದಿಗಳೇ ಕಾಣುತ್ತಿಲ್ಲ ಅಲ್ವಾ? ಈ ಚರ್ಚೆಯ ಸ್ವಭಾವವೇ ಹಾಗೆ. ಅವರ ಬಗ್ಗೆ ಮಾತು, ಅವರ ಜೊತೆ ಅಲ್ಲ.

ಬಾಸೆಲ್‌ನವರು ಬರುವುದಕ್ಕೆ ಏಳುನೂರು ವರ್ಷ ಮೊದಲೇ ಮಂಗಳೂರಿನಲ್ಲಿ ಒಬ್ಬ ಯಹೂದಿ ವ್ಯಾಪಾರಿ ಸಂಸಾರ ಮಾಡಿಕೊಂಡಿದ್ದ. ಹೆಸರು ಅಬ್ರಹಾಂ ಬೆನ್ ಯಿಜು, ಟ್ಯುನೀಶಿಯಾ ಕಡೆಯವನು. ೧೧೩೨ರಿಂದ ಸುಮಾರು ಹದಿನೇಳು ವರ್ಷ ಇಲ್ಲಿದ್ದು ಕಂಚಿನ ಕಾರ್ಖಾನೆ ನಡೆಸಿದ. ಆಶು ಅನ್ನುವ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿ, ಅವಳ ಜೊತೆ ಬದುಕಿದ. ಕೈರೋದ ಪ್ರಾರ್ಥನಾಮಂದಿರದಲ್ಲಿ ಸಿಕ್ಕ ಕಾಗದಗಳಿಂದ ಇದು ತಿಳಿದುಬಂತು. ಅಮಿತಾವ್ ಘೋಷ್ ಅವನ ಆಳು ಬೊಮ್ಮನ ಹಿಂದೆ ಬಿದ್ದು ಒಂದು ಪುಸ್ತಕವನ್ನೇ ಬರೆದರು. ಆ ಮಂಗಳೂರಿನಲ್ಲಿ ಬೆನ್ ಯಿಜು ಯಾರ ಕಡೆಗಾಲದ ಗುರುತೂ ಆಗಿರಲಿಲ್ಲ. ಅಡಿಕೆ, ಮೆಣಸು, ಕಂಚಿನ ಪಾತ್ರೆ, ಸಾಲ, ತಗಾದೆ, ಇಷ್ಟೇ.

ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲರು ಇದ್ದರು. ಕಸುಬು ಎಣ್ಣೆ ಗಾಣ, ಶನಿವಾರ ಗಾಣಕ್ಕೆ ರಜೆ. ಅದಕ್ಕೇ ಮರಾಠಿಯಲ್ಲಿ ‘ಶನಿವಾರ ತೇಲಿ’ ಅಂತ ಹೆಸರು. ಎಣ್ಣೇಮರದ ಉಪಮೆಯ ಜನರೇ ಇಲ್ಲಿ ಗಾಣಿಗರಾಗಿದ್ದರು ನೋಡಿ! ಇವರಲ್ಲಿ ಒಬ್ಬ ಸೈನಿಕ ಸ್ಯಾಮುಯೆಲ್ ದಿವೇಕರ್ ಟಿಪ್ಪುವಿನ ಸೆರೆಯಲ್ಲಿದ್ದ, ಜೀವ ಉಳಿದು ಬಂದ ಹರಕೆಗೆ ೧೭೯೬ರಲ್ಲಿ ಮುಂಬಯಿಯಲ್ಲಿ ಪ್ರಾರ್ಥನಾಮಂದಿರ ಕಟ್ಟಿಸಿದ ಅನ್ನುವುದು ಆ ಸಮುದಾಯದ ನಂಬಿಕೆ. ಮಂದಿರ ಈಗಲೂ ಇದೆ.

ಇವರ ಹತ್ತಿರ ರಕ್ಷಣೆಯ ಸಂದೇಶ ತೆಗೆದುಕೊಂಡು ಹೋದವರು ಸ್ಕಾಟ್ಲೆಂಡಿನ ಜಾನ್ ವಿಲ್ಸನ್. ೧೮೨೯ರಲ್ಲಿ ಮುಂಬಯಿಗೆ ಬಂದು, ಶಾಲೆ ತೆರೆದು, ೧೮೩೨ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದರು. ಹೀಬ್ರೂ ಮರೆತಿದ್ದ ಜನಕ್ಕೆ ತಮ್ಮ ಗ್ರಂಥ ತಮಗೇ ಓದಲು ಬಂತು. ಪರಿಣಾಮ? ಕ್ರೈಸ್ತರಾದವರು ಬೆರಳೆಣಿಕೆ. ಉಳಿದವರು ಮೊದಲಿಗಿಂತ ಗಟ್ಟಿ ಯಹೂದಿಗಳಾದರು! ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಮಂಗಳೂರಿನ ಅಚ್ಚುಕೂಟದ ಹಾಗೆ ಇಲ್ಲೂ ಕೊಟ್ಟವರ ಉದ್ದೇಶ ಒಂದು, ತೆಗೆದುಕೊಂಡವರು ಮಾಡಿಕೊಂಡದ್ದು ಇನ್ನೊಂದು.

ನಮ್ಮ ಕಡೆಯವರಿಗೆ ಒಂದು ಮಾಹಿತಿ. ಕೆಂಗೇರಿಯಿಂದ ಮಾರ್ಕೆಟ್ಟಿಗೆ ಹೋಗುವ ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಯಹೂದಿ ಸ್ಮಶಾನ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, ೧೯೦೪ರಿಂದ. ಬೆನೆ ಇಸ್ರೇಲರು, ಬಾಗ್ದಾದ್ ಕಡೆಯವರು ಅಲ್ಲಿ ಮಲಗಿದ್ದಾರೆ. ಕಲ್ಲುಗಳ ಮೇಲೆ ಹೀಬ್ರೂ, ಹೊರಗೆ ಬಿಎಂಟಿಸಿ ಬಸ್ಸಿನ ಹಾರನ್ನು.

ಬಾಸೆಲ್‌ನಲ್ಲಿ ಇನ್ನೊಂದು ಲೆಕ್ಕ

೧೮೯೭ರ ಆಗಸ್ಟಿನಲ್ಲಿ ಥಿಯೋಡರ್ ಹರ್ಟ್ಸ್ಲ್ ಮೊದಲ ಝಿಯೋನಿಸ್ಟ್ ಸಮ್ಮೇಳನ ನಡೆಸಿದ ಊರು ಯಾವುದು ಗೊತ್ತಾ? ಬಾಸೆಲ್! ಮಿಶನ್ನಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಅಲ್ಲಿ ಅತಿಥಿಯಾಗಿದ್ದ ಆಂಗ್ಲಿಕನ್ ಪಾದ್ರಿ ವಿಲಿಯಂ ಹೆಕ್ಲರ್‌ನ ಕಥೆಗೆ ಸಂಬಂಧ ಇದೆ. ಇವನು ಹುಟ್ಟಿದ್ದು ೧೮೪೫ರಲ್ಲಿ ನಮ್ಮ ಕಾಶಿಯಲ್ಲಿ, ಜರ್ಮನ್ ಮಿಶನರಿಯ ಮಗ. ಖಲೀಫ ಉಮರ್ ಯೆರೂಸಲೇಮ್ ಗೆದ್ದ ಕಾಲಕ್ಕೆ ಬೈಬಲ್ಲಿನ ೧೨೬೦ ಕೂಡಿಸಿ, ಯಹೂದಿಗಳಿಗೆ ಪ್ಯಾಲೆಸ್ಟೈನ್ ಮರಳಿ ಸಿಗುವ ವರ್ಷ ೧೮೯೭-೯೮ ಅಂತ ಅವನು ಮೊದಲೇ ಲೆಕ್ಕ ಹಾಕಿದ್ದ. ಹಾಗಾಗಿ ೧೮೯೬ರಲ್ಲಿ ಹರ್ಟ್ಸ್ಲ್ ಪುಸ್ತಕ ಬಂದ ಕೂಡಲೇ ಅವನ ಮನೆಗೆ ಓಡಿದ, ಜರ್ಮನ್ ದೊರೆಗಳಿಗೆ ಪರಿಚಯ ಮಾಡಿಸಿಕೊಟ್ಟ.

ಹೆಕ್ಲರ್ ಒಳ್ಳೆಯ ಮನುಷ್ಯ, ಯಹೂದಿಗಳ ನಿಜವಾದ ಸ್ನೇಹಿತ. ಆದರೆ ಇದೇ ಕಾಲದಲ್ಲಿ ಜಾನ್ ಡಾರ್ಬಿಯಿಂದ ಶುರುವಾಗಿ ೧೯೦೯ರ ಸ್ಕೋಫೀಲ್ಡ್ ಬೈಬಲ್ ಮೂಲಕ ಅಮೆರಿಕದ ಮನೆಮನೆಗೆ ಮುಟ್ಟಿದ ಓದು ಸ್ವಲ್ಪ ಭಯಾನಕ. ಯಹೂದಿಗಳು ತಮ್ಮ ನಾಡಿಗೆ ಮರಳಬೇಕು, ಆಮೇಲೆ ಏಳು ವರ್ಷದ ಮಹಾಸಂಕಟ, ಅದರಲ್ಲಿ ಉಳಿದವರು ಮಾತ್ರ ಏಸುವನ್ನು ಒಪ್ಪುತ್ತಾರೆ. ಮೂರರಲ್ಲಿ ಎರಡು ಪಾಲು ನಾಶ ಅನ್ನುವ ಬೋಧಕರೂ ಇದ್ದಾರೆ. ೧೯೪೮ ಮತ್ತು ೧೯೬೭ರ ಘಟನೆಗಳ ನಂತರ ಈ ಓದಿಗೆ ಭಾರೀ ಬಲ ಬಂತು. ಇಸ್ರೇಲಿಗೆ ಬೆಂಬಲವೂ ಇದೇ, ಯಹೂದಿಗೆ ಶಾಪವೂ ಇದೇ. ಅದೇ ನೆಲದ ಪ್ಯಾಲೆಸ್ಟೈನ್ ಕ್ರೈಸ್ತರು ೨೦೦೯ರ ‘ಕೈರೋಸ್’ ಹೇಳಿಕೆಯಲ್ಲಿ, ವಾಗ್ದಾನದ ಹೆಸರಿನಲ್ಲಿ ನಮ್ಮ ಮನೆ ಕಿತ್ತುಕೊಳ್ಳುವುದಕ್ಕೆ ಬೈಬಲ್ಲನ್ನು ಬಳಸಬೇಡಿ ಅನ್ನುವ ಅರ್ಥದಲ್ಲಿ ಕೇಳಿಕೊಂಡರು.

ಅರವತ್ತು ಲಕ್ಷ ಜನರ ನಂತರ

ಹಿಟ್ಲರನ ಕೊಲೆಗಡುಕತನದಲ್ಲಿ ಸುಮಾರು ಅರವತ್ತು ಲಕ್ಷ ಯಹೂದಿಗಳು ಸತ್ತ ಮೇಲೆ ಚರ್ಚುಗಳು ಪೌಲನನ್ನು ಮತ್ತೆ ತೆರೆದವು. ಕ್ಯಾಥೊಲಿಕ್ ಚರ್ಚಿನ ಶುಭ ಶುಕ್ರವಾರದ ಪ್ರಾರ್ಥನೆಯನ್ನೇ ನೋಡಿ. ಶತಮಾನಗಳಿಂದ ಅದರಲ್ಲಿ ಯಹೂದಿಗಳಿಗೆ ‘ನಂಬಿಕೆಗೆಟ್ಟ’ ಅನ್ನುವ ಅರ್ಥದ ವಿಶೇಷಣ ಇತ್ತು. ೧೯೫೯ರಲ್ಲಿ ಪೋಪ್ ೨೩ನೇ ಜಾನ್ ಅದನ್ನು ತೆಗೆಸಿದರು. ೧೯೬೫ರ ವ್ಯಾಟಿಕನ್ ಘೋಷಣೆ, ಏಸುವಿನ ಸಾವಿಗೆ ಯಹೂದಿಗಳೆಲ್ಲರನ್ನೂ ಹೊಣೆ ಮಾಡುವಂತಿಲ್ಲ ಅಂತ ಹೇಳಿ, ಪೌಲನ ಎಣ್ಣೇಮರವನ್ನೇ ನೆನಪಿಸಿತು. ೧೯೭೦ರ ಹೊಸ ಪ್ರಾರ್ಥನೆ ಮತಾಂತರದ ಮಾತು ಬಿಟ್ಟು, ಅವರು ತಮ್ಮ ಒಡಂಬಡಿಕೆಯಲ್ಲಿ ನಿಷ್ಠೆಯಿಂದ ಬೆಳೆಯಲಿ ಅನ್ನುವ ಧಾಟಿ ಹಿಡಿಯಿತು. ೨೦೦೮ರಲ್ಲಿ ೧೬ನೇ ಬೆನೆಡಿಕ್ಟ್ ಹಳೆಯ ಲ್ಯಾಟಿನ್ ವಿಧಿಗೆ ಬರೆದುಕೊಟ್ಟ ಪಾಠದಲ್ಲಿ ಯಹೂದಿಗಳು ಏಸುವನ್ನು ಗುರುತಿಸಲಿ ಅನ್ನುವ ಆಶಯ ಮತ್ತೆ ಬಂದು ದೊಡ್ಡ ಗಲಾಟೆಯಾಯಿತು. ೨೦೧೫ರಲ್ಲಿ ವ್ಯಾಟಿಕನ್ನಿನ ಒಂದು ದಾಖಲೆ, ಯಹೂದಿಗಳನ್ನು ಗುರಿಯಾಗಿಸಿದ ಸಾಂಸ್ಥಿಕ ಮಿಶನ್ ನಾವು ನಡೆಸುವುದಿಲ್ಲ ಅಂದಿತು. ಹಾಗಾದರೆ ಅವರ ರಕ್ಷಣೆ ಹೇಗೆ? ಅದು ದೇವರ ರಹಸ್ಯ ಅಂತ ಬಿಟ್ಟಿತು. ಸ್ವೀಡನ್ನಿನ ಲೂಥರನ್ ವಿದ್ವಾಂಸ ಕ್ರಿಸ್ಟರ್ ಸ್ಟೆಂಡಾಲ್ ೧೯೭೬ರ ಪುಸ್ತಕದಲ್ಲೇ ಹತ್ತಿರ ಹತ್ತಿರ ಇದನ್ನೇ ಹೇಳಿದ್ದರು. ಇಸ್ರಾಯೇಲ್ ಏಸುವನ್ನು ಒಪ್ಪುತ್ತದೆ ಅಂತ ಪೌಲ ಆ ಜಾಗದಲ್ಲಿ ಬರೆದೇ ಇಲ್ಲವಲ್ಲ ಅನ್ನುವುದು ಅವರ ಗಮನ.

ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ರಕ್ಷಣೆ ನಮಗೆ ಅಮೂಲ್ಯ ಅಂದಮೇಲೆ ಯಹೂದಿಗೆ ಮಾತ್ರ ಅದನ್ನು ಹೇಳದೆ ಇರುವುದು ಪ್ರೀತಿಯೇ ಅಂತ ಕೇಳುವ ಕ್ರೈಸ್ತರಿದ್ದಾರೆ, ಆ ಪ್ರಶ್ನೆಯಲ್ಲಿ ಪ್ರಾಮಾಣಿಕತೆ ಇದೆ. ಯಹೂದಿಯ ಕಡೆಯಿಂದ ನೋಡಿದರೆ, ನೀನು ನೀನಾಗಿ ಉಳಿಯದೆ ಇರುವುದೇ ನಿನ್ನ ರಕ್ಷಣೆ ಅಂದ ಹಾಗೆ ಕೇಳಿಸುತ್ತದೆ. ಅದೂ ನಿಜವೇ.

ನನಗೆ ಕಂಡದ್ದು ಇಷ್ಟು. ಆ ಒಂದು ವಾಕ್ಯಕ್ಕೆ ತಾರೀಕು ಹಾಕಲು ಹೋದವರೆಲ್ಲ ಎದುರಿಗಿದ್ದ ಜನರನ್ನು ಗಡಿಯಾರದ ಮುಳ್ಳಿನ ಹಾಗೆ ನೋಡಿದರು. ತಾರೀಕು ಮರೆತು ಭಾಷೆ ಕಲಿತು, ವ್ಯಾಕರಣ ಬರೆದು ಕೂತವರಿಂದ ಉಳಿಯುವಂಥ ಕೆಲಸ ಆಯಿತು. ಪೌಲ ಮಾತ್ರ ತಾರೀಕು ಕೊಟ್ಟಿರಲಿಲ್ಲ. ಅವನು ಕೊಟ್ಟದ್ದು ಕಾಡುಕೊಂಬೆಗೆ ಜಂಬ ಬೇಡ ಅನ್ನುವ ಎಚ್ಚರಿಕೆ. ಎಣ್ಣೇಮರದ ಇಡೀ ಉಪಮೆಯಲ್ಲಿ ಜನ ಬಹಳ ಬೇಗ ಮರೆತದ್ದು ಅದನ್ನೇ.

ನಿಮಗೇನನ್ನಿಸಿತು, ಬರೆಯಿರಿ. ಮಂಗಳೂರು, ಧಾರವಾಡದ ಕಡೆಯ ಮಿತ್ರರಿಗೆ ಇನ್ನೂ ಹೆಚ್ಚು ಗೊತ್ತಿರುತ್ತದೆ, ದಯವಿಟ್ಟು ಸೇರಿಸಿ.